ತ್ರೀಡಿ ಚಿತ್ರಕ್ಕಿಂತ ಮೊದಲು ತಪಾಸಣೆ: ಇಂಟೀರಿಯರ್ ಡಿಸೈನರುಗಳಿಗೆ ಒಂದು ಬಹಿರಂಗ ಪತ್ರ



ಬೆಂಗಳೂರಿನೊಳಗೆ ನಿವೇಶನ ಕೊಳ್ಳುವುದು ಮಧ್ಯಮ ವರ್ಗದವರ ಕೈಮೀರಿ ಹೋದ ಮೇಲೆ, ಮನೆ ಹುಡುಕುವ ಬಹಳಷ್ಟು ಜನ ಹಳೆ ಮನೆಗಳತ್ತ ತಿರುಗಿದ್ದಾರೆ. ಜಯನಗರ, ರಾಜಾಜಿನಗರ, ಮಲ್ಲೇಶ್ವರಗಳ ನಲವತ್ತು ಐವತ್ತು ವರ್ಷದ ಸ್ವಂತ ಮನೆಗಳು, ಕೋರಮಂಗಲ, ಬಿಟಿಎಂ ಬಡಾವಣೆಗಳಲ್ಲಿ ತೊಂಬತ್ತರ ದಶಕದಲ್ಲಿ ಎದ್ದ ಅಪಾರ್ಟ್‌ಮೆಂಟುಗಳು ಕೈ ಬದಲಾಗುತ್ತಿವೆ. ಮುದ್ರಾಂಕ ಶುಲ್ಕ, 2025ರ ಆಗಸ್ಟ್ ಕೊನೆಯಲ್ಲಿ ಶೇಕಡಾ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ, ಬ್ರೋಕರ್ ಕಮಿಷನ್ ಎಲ್ಲವನ್ನೂ ತೀರಿಸಿ, ಬ್ಯಾಂಕಿನ ಕಂತು ಶುರುವಾದ ಮೇಲೆ ಉಳಿದಷ್ಟು ದುಡ್ಡು ಹಿಡಿದುಕೊಂಡು ಅವರು ನಿಮ್ಮಲ್ಲಿಗೆ ಬರುತ್ತಾರೆ. ನೀವು ಅಳತೆ ತೆಗೆದುಕೊಂಡು ಹೋಗುತ್ತೀರಿ. ಮುಂದಿನ ಭೇಟಿಗೇ ಲ್ಯಾಪ್‌ಟಾಪಿನಲ್ಲಿ ತ್ರೀಡಿ ಚಿತ್ರ ಸಿದ್ಧವಿರುತ್ತದೆ: ಫಾಲ್ಸ್ ಸೀಲಿಂಗಿನ ಅಂಚಿನಲ್ಲಿ ಹಳದಿ ಬೆಳಕು, ಟಿವಿಯ ಹಿಂದೆ ಮರದ ಪಟ್ಟಿಗಳು, ಹಾಲ್‌ಗೆ ತೆರೆದುಕೊಂಡ ಅಡುಗೆಮನೆ. ಮನೆಯವರು ಅದನ್ನು ನೋಡಿ ಖುಷಿಯಿಂದ ಅಡ್ವಾನ್ಸ್ ಕೊಡುತ್ತಾರೆ. ಆ ಹೊತ್ತಿಗೆ ಗೋಡೆಯೊಳಗಿನ ಪೈಪು ಯಾವುದು, ತಂತಿ ಎಷ್ಟು ದಪ್ಪದ್ದು, ಬಚ್ಚಲಿನ ನೀರು ಎಲ್ಲಿ ಇಳಿಯುತ್ತಿದೆ ಎಂದು ಯಾರೂ ನೋಡಿರುವುದಿಲ್ಲ.

ಬಿಲ್ಡರ್ ಈಗಷ್ಟೇ ಕೀಲಿಕೈ ಕೊಟ್ಟ ಫ್ಲ್ಯಾಟಿನಲ್ಲಿ ಈ ಕ್ರಮ ನಡೆದೀತು. ಅಲ್ಲಿ ಗೋಡೆ ಹೊಸದು, ಪೈಪು ಹೊಸದು, ದೋಷ ಕಂಡರೆ ಕೇಳಲು ಬಿಲ್ಡರ್ ಇದ್ದಾನೆ. ಹಳೆ ಮನೆಯಲ್ಲಿ ಹಿಂದಿದ್ದವರ ರಿಪೇರಿಗಳು ಒಂದರ ಮೇಲೊಂದು ಕೂತಿರುತ್ತವೆ, ಅವುಗಳ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ, ಮಾರಿದವರು ಹೋಗಿಯಾಗಿದೆ. ಅಂಥ ಮನೆಗೆ ವಿನ್ಯಾಸ ಮಾಡುವಾಗ ನಿಮ್ಮ ಕೆಲಸದ ಕ್ರಮವೇ ಬದಲಾಗಬೇಕು ಎಂಬುದು ಈ ಪತ್ರದ ಒಂದೇ ಮಾತು. ಬರವಣಿಗೆಯಲ್ಲಿ ಇಟ್ಟ ತಪಾಸಣೆ ಮುಗಿಯುವ ತನಕ ಚಿತ್ರ ಬೇಡ. ಬಜೆಟ್ಟಿನ ಮೊದಲ ಪಾಲು ತೇವ, ನೀರು, ವಿದ್ಯುತ್ತು, ಕಟ್ಟಡದ ಭದ್ರತೆಗೆ ಹೋಗಲಿ. ಗಟ್ಟಿಯಾಗಿರುವುದನ್ನು ಉಳಿಸಿ, ಮಿಕ್ಕ ಹಣದಲ್ಲಿ ಅಲಂಕಾರ ಮಾಡಿ. ಅಲಂಕಾರವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅದು ಬಾಳಬೇಕೆಂಬ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ತೇವದಿಂದಲೇ ಶುರುಮಾಡೋಣ. ಹಳೆ ಮನೆಯನ್ನು ಮಾರಾಟಕ್ಕಿಡುವವರು ಮೊದಲು ಬಣ್ಣ ಹೊಡೆಸುತ್ತಾರೆ. ಮೋಸ ಮಾಡಬೇಕೆಂದೇ ಹಾಗೆ ಮಾಡುತ್ತಾರೆ ಎನ್ನಲಾಗದು, ಯಾರಾದರೂ ಹಾಗೇ ಮಾಡುವುದು. ಆದರೆ ಪುಟ್ಟಿಯ ಒಂದು ಪದರ ಉಪ್ಪು ಕಾರುತ್ತಿದ್ದ ಗೋಡೆಯನ್ನು ಕೆಲವು ತಿಂಗಳು ಚೆನ್ನಾಗಿಯೇ ಮುಚ್ಚಿಡುತ್ತದೆ. ಇದರ ಜೊತೆ ನಮ್ಮ ಪಂಚಾಂಗವೂ ಕೈಜೋಡಿಸುತ್ತದೆ. ಆಷಾಢದಲ್ಲಿ ಗೃಹಪ್ರವೇಶ ಆಗುವುದಿಲ್ಲ, ಹಾಗಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ರಿಜಿಸ್ಟ್ರೇಷನ್ ಮುಗಿಸಿದವರಿಗೆಲ್ಲ ಅದಕ್ಕೂ ಮೊದಲೇ ಒಳಗೆ ಹೋಗಿಬಿಡುವ ಅವಸರ. ಕೆಲಸ ನಡೆಯುವುದು ಬೇಸಿಗೆಯಲ್ಲಿ, ಗೋಡೆ ಒಣಗಿ ನಿಂತಿರುವ ಕಾಲದಲ್ಲಿ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಅದರಲ್ಲೂ ಸೆಪ್ಟೆಂಬರಿನಲ್ಲಿ. ಆ ವೇಳೆಗೆ ನಿಮ್ಮ ಕೊನೆಯ ಬಿಲ್ಲು ಪಾವತಿಯಾಗಿರುತ್ತದೆ, ಮನೆಯವರು ಒಳಗಿರುತ್ತಾರೆ.

ಆಗ ಆಗುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಚ್ಚಲಿನ ಗೋಡೆಗೆ ಬೆನ್ನು ಕೊಟ್ಟು ಒಂದು ವಾರ್ಡ್‌ರೋಬ್ ನಿಂತಿದೆ ಎಂದಿಟ್ಟುಕೊಳ್ಳಿ. ಆಚೆ ಬದಿ ಟೈಲ್ಸ್ ಸಂದಿಯಿಂದ ಇಳಿದ ನೀರು ಗಾರೆಯಲ್ಲಿ ಮೆಲ್ಲಗೆ ಹಬ್ಬುತ್ತದೆ. ಈಚೆ ಬದಿ ಇಷ್ಟು ವರ್ಷ ಗಾಳಿಗೆ ಆರುತ್ತಿತ್ತು, ಈಗ ಅದರ ಮೇಲೆ ಪ್ಲೈವುಡ್ ಕೂತಿದೆ. ಮೊದಲು ಹಿಂಬದಿಯ ತೆಳು ಹಲಗೆ ಉಬ್ಬುತ್ತದೆ. ಕೆಳಗಿನ ಖಾನೆಯ ರೇಷ್ಮೆ ಸೀರೆಗಳಿಗೆ ಮುಗ್ಗಲು ವಾಸನೆ ಹತ್ತುತ್ತದೆ. ಹಿಂಜಿನ ಸ್ಕ್ರೂ ಕಚ್ಚಿಕೊಳ್ಳದೆ ಬಾಗಿಲು ಜೋತುಬೀಳುತ್ತದೆ, ಕೊನೆಗೆ ಸ್ಕರ್ಟಿಂಗ್ ಬದಿಯಿಂದ ಗೆದ್ದಲು ಏರುತ್ತದೆ. ‘ನಾವು ಹಾಕಿದ್ದು ಐಎಸ್ 710 ದರ್ಜೆಯದು, 72 ಗಂಟೆ ಕುದಿಯುವ ನೀರಿನ ಪರೀಕ್ಷೆ ಪಾಸಾದದ್ದು’ ಎಂದು ನೀವು ಹೇಳಬಹುದು. ಆ ಹಲಗೆ ನೀರು ತಡೆದುಕೊಳ್ಳುತ್ತದೆ, ನಿಜ. ಗೋಡೆಯ ತೇವವನ್ನು ಅದು ಹೇಗೆ ನಿಲ್ಲಿಸೀತು? ಇದಕ್ಕೆ ಬೇಕಾದ ಪರೀಕ್ಷೆಗಳು ದುಬಾರಿಯವೂ ಅಲ್ಲ. ಬಚ್ಚಲಿನ ಹೊರಕಂಡಿ ಮುಚ್ಚಿ ಒಂದೆರಡು ಇಂಚು ನೀರು ಕಟ್ಟಿ, ಒಂದು ದಿನ ಬಿಟ್ಟು ಕೆಳಗಿನ ಚಾವಣಿಯನ್ನೂ ಪಕ್ಕದ ಗೋಡೆಯನ್ನೂ ನೋಡುವುದು. ಟೈಲ್ಸ್ ಮೇಲೆ ತಟ್ಟಿ ಪೊಳ್ಳು ಸದ್ದು ಬರುವಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಅಂಗೈಯಲ್ಲಿ ಹಿಡಿಯುವ ತೇವಮಾಪಕವನ್ನು ನೆಲದಿಂದ ಮೂರಡಿ ಎತ್ತರದವರೆಗೆ ಪ್ರತಿ ಗೋಡೆಗೂ ಇಟ್ಟು ನೋಡುವುದು. ಮೇಸ್ತ್ರಿ, ಪ್ಲಂಬರ್ ಇಬ್ಬರು ಜೊತೆಗಿದ್ದರೆ ಎರಡು ಮೂರು ದಿನದಲ್ಲಿ ಮುಗಿಯುವ ಕೆಲಸ ಇದು.

ನೀರಿನ ಪೈಪು, ವಿದ್ಯುತ್ ತಂತಿಗಳ ಸ್ಥಿತಿಯೂ ಹೀಗೆಯೇ. ಎಂಬತ್ತರ ದಶಕದ ಮನೆಯ ಗೋಡೆಯೊಳಗೆ ಸಾಮಾನ್ಯವಾಗಿ ಓಡುವುದು ಜಿಐ ಪೈಪು. ಒಳಗಿನ ಸತುವಿನ ಲೇಪ ಸವೆದು ತುಕ್ಕು ಹಿಡಿದಿರುತ್ತದೆ, ಅದರ ಮೇಲೆ ಬೋರ್‌ವೆಲ್ಲಿನ ಗಡಸು ನೀರು ವರ್ಷಗಟ್ಟಲೆ ಸುಣ್ಣದ ಪೊರೆ ಕಟ್ಟಿರುತ್ತದೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಪೆನ್ಸಿಲ್ ತೂರುವಷ್ಟು ದಾರಿ ಮಾತ್ರ ಉಳಿದಿರುವುದುಂಟು. ಅದಕ್ಕೆ ತಟ್ಟೆಯಗಲದ ಶವರ್ ಜೋಡಿಸಿದರೆ ನೀರು ತೊಟ್ಟಿಕ್ಕುತ್ತದೆ, ಒತ್ತಡಕ್ಕೆಂದು ಪಂಪು ಕೂರಿಸಿದರೆ ಹಳೆ ಜಾಯಿಂಟು ಬಿಟ್ಟುಕೊಳ್ಳುತ್ತದೆ. ತಂತಿಗಳಂತೂ ಫ್ಯಾನು, ದೀಪ, ಮಿಕ್ಸಿ, ಒಂದು ಫ್ರಿಜ್ಜಿನ ಲೆಕ್ಕದಲ್ಲಿ ಎಳೆದವು. ನಿಮ್ಮ ಹೊಸ ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ, ಓವನ್, ಡಿಶ್‌ವಾಷರ್, ಚಿಮಣಿ ಇವೆ, ಬಚ್ಚಲಿನಲ್ಲಿ ಎರಡು ಮೂರು ಕಿಲೋವ್ಯಾಟಿನ ಗೀಸರ್ ಇದೆ. ಚಿತ್ರದಲ್ಲಿ ಇವನ್ನು ಕೂರಿಸುವಾಗಲೇ ಯಾವುದಕ್ಕೆ 2.5 ಚದರ ಮಿಲಿಮೀಟರ್ ತಂತಿ, ಯಾವುದಕ್ಕೆ 4, ಅರ್ಥಿಂಗ್ ನಿಜವಾಗಿ ಕೆಲಸ ಮಾಡುತ್ತಿದೆಯೇ, ಬೆಸ್ಕಾಂ ಮಂಜೂರು ಮಾಡಿದ ಲೋಡ್ ಸಾಕೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿರಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಇಲ್ಲದ ಬಚ್ಚಲಿಗೆ ಹೊಸ ಗೀಸರ್ ಹಾಕಿಸುವುದನ್ನು ನಾನು ಕರ್ತವ್ಯಲೋಪ ಎಂದೇ ಕರೆಯುತ್ತೇನೆ. ಹೇಗಿದ್ದರೂ ಗೋಡೆ ಕೊರೆಯುತ್ತೀರಿ. ಆಗಲೇ ಪೈಪು, ತಂತಿ ಬದಲಿಸಿದರೆ ಬೀಳುವುದು ಸಾಮಾನು ಮತ್ತು ಕೂಲಿಯ ಖರ್ಚು. ಎರಡು ವರ್ಷ ಬಿಟ್ಟು ಬದಲಿಸಿದರೆ ಅದರ ಮೇಲೆ ನೀವೇ ಹಾಕಿಸಿದ ಟೈಲ್ಸ್, ಪ್ಯಾನೆಲ್, ಬಣ್ಣ ಎಲ್ಲವನ್ನೂ ಒಡೆದು ಮತ್ತೆ ಮಾಡಿಸುವ ಖರ್ಚು.

ಕಟ್ಟಡದ ಭದ್ರತೆಯ ವಿಷಯಕ್ಕೆ ಬಂದರೆ ನಷ್ಟವನ್ನು ರೂಪಾಯಿಯಲ್ಲಿ ಅಳೆಯಲು ಬರುವುದಿಲ್ಲ. 2022ರ ಫೆಬ್ರವರಿ 10ರಂದು ಗುರುಗ್ರಾಮದ ಸೆಕ್ಟರ್ 109ರ ಅಪಾರ್ಟ್‌ಮೆಂಟ್ ಒಂದರ ಆರನೇ ಮಹಡಿಯಲ್ಲಿ ನವೀಕರಣದ ಕೆಲಸ ನಡೆಯುತ್ತಿದ್ದಾಗ ನೆಲ ಕುಸಿದು, ಕೆಳಗಿನ ಮಹಡಿಗಳನ್ನೂ ಎಳೆದುಕೊಂಡು ಬಿತ್ತು. ಇಬ್ಬರು ಹೆಣ್ಣುಮಕ್ಕಳು ಸತ್ತರು. ಕಾಂಕ್ರೀಟಿನಲ್ಲಿದ್ದ ಕ್ಲೋರೈಡಿನಿಂದ ಕಂಬಿಗಳು ತುಕ್ಕು ಹಿಡಿದಿದ್ದವೆಂದು ಆಮೇಲೆ ಐಐಟಿ ದೆಹಲಿಯ ತಜ್ಞರ ಪರಿಶೀಲನೆಯಲ್ಲಿ ಕಂಡುಬಂತು. ಮೂಲ ದೋಷ ಕಟ್ಟಿದವರದು, ಆದರೆ ಅಂಥ ದೋಷ ಹೊರಗಿನಿಂದ ಕಾಣುವುದಿಲ್ಲ ಎಂಬುದೇ ನಿಮಗೂ ನಮಗೂ ಮುಖ್ಯವಾದ ಸಂಗತಿ. ನಮ್ಮ ಹಳೆ ಬಡಾವಣೆಗಳ ಮನೆಗಳಲ್ಲಿ ಹಲವಕ್ಕೆ ಪಿಲ್ಲರುಗಳೇ ಇಲ್ಲ, ಒಂಬತ್ತಿಂಚಿನ ಇಟ್ಟಿಗೆ ಗೋಡೆಗಳೇ ಚಾವಣಿಯನ್ನು ಹೊತ್ತಿವೆ. ಅಲ್ಲಿ ಓಪನ್ ಕಿಚನ್‌ಗೆಂದು ಕೆಡವುವ ಗೋಡೆ ಮೇಲಿನ ಮಹಡಿಯ ಆಧಾರವಾಗಿರಬಹುದು. ಅಲ್ಯೂಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟ್ ಸುರಿದು ಮಾಡಿದ ಇತ್ತೀಚಿನ ಅಪಾರ್ಟ್‌ಮೆಂಟುಗಳಲ್ಲಂತೂ ಬಹುತೇಕ ಪ್ರತಿ ಗೋಡೆಯೂ ಭಾರ ಹೊರುವಂಥದು, ಪೈಪಿಗೆಂದು ಅದನ್ನು ಅಡ್ಡಕ್ಕೆ ಕೊರೆಯುವಂತಿಲ್ಲ. ಭಾರವನ್ನೂ ಲೆಕ್ಕ ಹಾಕಿ. ಹಳೆ ಮೊಸಾಯಿಕ್ ನೆಲ ಕೀಳದೆ ಅದರ ಮೇಲೆ 40 ಮಿಲಿಮೀಟರ್ ಗಾರೆ ಹಾಸಿ ವಿಟ್ರಿಫೈಡ್ ಟೈಲ್ಸ್ ಕೂರಿಸಿದರೆ ಚದರ ಮೀಟರಿಗೆ ಸುಮಾರು 100 ಕಿಲೋ ಹೆಚ್ಚುತ್ತದೆ. ಸಾವಿರ ಚದರಡಿಗೆ ಅದು ಒಂಬತ್ತು ಟನ್ನಿನಷ್ಟು. ವಾಸದ ಕೋಣೆಗೆ ನಮ್ಮ ಮಾನಕ ಇಟ್ಟುಕೊಂಡಿರುವ ಬಳಕೆಯ ಭಾರ ಚದರ ಮೀಟರಿಗೆ 200 ಕಿಲೋ, ಅದರ ಅರ್ಧವನ್ನು ನೀವು ನೆಲದ ಅಲಂಕಾರಕ್ಕೇ ತೆಗೆದುಕೊಂಡಂತಾಯಿತು. ಅಂಟಿನ ಮೇಲೆ ತೆಳುವಾಗಿ ಕೂರಿಸಿದರೆ ಇದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಉಳಿದ ಮಾಲೀಕರ ಒಪ್ಪಿಗೆಯಿಲ್ಲದೆ ಫ್ಲ್ಯಾಟ್ ಮಾಲೀಕರು ಮಾಡಬಾರದೆಂದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯೂ ಹೇಳುತ್ತದೆ. ನಿಮ್ಮ ಚಿತ್ರವನ್ನು ನಂಬಿ ಸಹಿ ಹಾಕುವ ಮನೆಯವರಿಗೆ ಇದು ತಿಳಿದಿರುವುದು ಅಪರೂಪ.

ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಎತ್ತುವವರು ತೀರಾ ಕಡಿಮೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಮನೆಗಳ ಕಿಟಕಿ ಸರಳು, ಬಾಗಿಲು, ಗ್ರಿಲ್‌ಗಳ ಮೇಲೆ ಪದರ ಪದರವಾಗಿ ಕೂತಿರುವ ಎನಾಮಲ್ ಬಣ್ಣದಲ್ಲಿ ಎಷ್ಟು ಸೀಸವಿದೆಯೋ ನೋಡಿದವರಾರು? ನಿಮ್ಮ ಪೇಂಟರುಗಳು ಅದನ್ನು ಒಣ ಉಪ್ಪುಕಾಗದದಲ್ಲಿ, ಈಚೆಗೆ ಯಂತ್ರದಲ್ಲಿ ಉಜ್ಜುತ್ತಾರೆ. ಆ ಧೂಳು ಮೊದಲು ಸೇರುವುದು ಅವರ ಶ್ವಾಸಕೋಶವನ್ನು, ಆಮೇಲೆ ನೆಲದ ಮೇಲೆ ಅಂಬೆಗಾಲಿಡುವ ಮಗುವಿನ ಬಾಯನ್ನು. ಚಿಕ್ಕ ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಒದ್ದೆ ಮಾಡಿ ಉಜ್ಜಿಸಿ, ಇಲ್ಲವೇ ಬಣ್ಣ ಬಿಡಿಸುವ ದ್ರಾವಣ ಹಚ್ಚಿಸಿ, ಕೆಲಸದವರಿಗೆ ಸರಿಯಾದ ಮಾಸ್ಕ್ ಕೊಡಿ, ಆ ದಿನಗಳಲ್ಲಿ ಮಕ್ಕಳೂ ಬಸುರಿಯರೂ ಮನೆಯೊಳಗೆ ಬರದಂತೆ ನೋಡಿಕೊಳ್ಳಿ.

ಇಷ್ಟರವರೆಗೆ ಹೇಳಿದ್ದು ಹಳೆ ಮನೆಯ ದೋಷಗಳ ಬಗ್ಗೆ. ತಪಾಸಣೆಯಲ್ಲಿ ಬೆಳಕಿಗೆ ಬರುವುದು ದೋಷ ಮಾತ್ರವಲ್ಲ. ಎಪ್ಪತ್ತರ, ಎಂಬತ್ತರ ದಶಕದ ಅಡುಗೆಮನೆಯಲ್ಲಿ ಗೋಡೆಗೆ ಹುಗಿದು ನಿಲ್ಲಿಸಿದ ಕಡಪ ಕಲ್ಲಿನ ಶೆಲ್ಫುಗಳಿರುತ್ತವೆ. ಒದ್ದೆ ಪಾತ್ರೆ ಬೋರಲಿಟ್ಟರೂ ಅವು ಉಬ್ಬುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಎಣ್ಣೆ ಡಬ್ಬಿಯ ಜಿಡ್ಡು ಉಜ್ಜಿದರೆ ಬಿಡುತ್ತದೆ. ಮಾಡ್ಯುಲರ್ ಕಿಚನ್ ಎಂದೊಡನೆ ಇವನ್ನು ಒಡೆದು ಚೀಲಕ್ಕೆ ತುಂಬಿ, ಆ ಜಾಗಕ್ಕೆ ಅಂಚಿಗೆ ಟೇಪು ಅಂಟಿಸಿದ ಪಾರ್ಟಿಕಲ್ ಬೋರ್ಡ್ ಪೆಟ್ಟಿಗೆ ತಂದಿಡುವುದನ್ನು ಸುಧಾರಣೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆ ಕಲ್ಲುಗಳಿಗೇ ಹೊಸ ಬಾಗಿಲು ಕೂರಿಸಬಹುದು, ಒಂದೆರಡನ್ನು ತೆಗೆದು ಡ್ರಾಯರಿಗೆ ಜಾಗ ಮಾಡಬಹುದು. ರೆಡ್ ಆಕ್ಸೈಡ್ ನೆಲಕ್ಕೆ ಸಂದಿಗಳಿಲ್ಲ, ಬಿರುಕು ಬಿಟ್ಟಲ್ಲಿ ತೇಪೆ ಹಾಕಿ ಮತ್ತೆ ಹೊಳಪು ಕೊಡಬಹುದು. ಹೊಸದಾಗಿ ಹಾಕಿಸೋಣವೆಂದರೆ ಆ ಕೈಕೆಲಸ ಬಲ್ಲವರು ಈಗ ವಿರಳ. ಮೊಸಾಯಿಕ್ ನೆಲ ಮಷೀನಿನಲ್ಲಿ ತಿಕ್ಕಿದರೆ ಒಳಗಿನ ಕಲ್ಲಿನ ಹೊಸ ಮುಖ ಮೇಲೆ ಬರುತ್ತದೆ. ಅಂದಿನ ತೇಗದ ಚೌಕಟ್ಟುಗಳನ್ನು ಹಳೆ ಮರದ ವ್ಯಾಪಾರಿಗೆ ಸಿಕ್ಕಿದಷ್ಟಕ್ಕೆ ಕೊಟ್ಟು, ಅಷ್ಟೇ ಬಲಿತ ಮರವನ್ನು ಮರಳಿ ಕೊಳ್ಳಲು ಹೋದರೆ ಸಾಮಾನ್ಯ ಸಂಸಾರಕ್ಕೆ ಎಟುಕದ ಬೆಲೆ. ಇನ್ನು ಕಿಟಕಿಯ ಮೇಲಿನ ವೆಂಟಿಲೇಟರುಗಳು! ಹತ್ತಡಿ ಎತ್ತರದ ಚಾವಣಿಯ ಕೆಳಗೆ ಸೇರುವ ಬಿಸಿಗಾಳಿ ಹೊರಗೆ ಹೋಗಲೆಂದೇ ಅವನ್ನು ಇಟ್ಟಿದ್ದರು. ಫಾಲ್ಸ್ ಸೀಲಿಂಗ್ ಅವುಗಳ ಕೆಳಗೆ ಇಳಿದು ಆ ದಾರಿ ಮುಚ್ಚುತ್ತದೆ, ಆಮೇಲೆ ಎಸಿ ಬೇಕಾಗುತ್ತದೆ. 2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿದ್ದನ್ನು ಕಂಡ ಮೇಲೂ ಗಾಳಿಯ ದಾರಿಗಳನ್ನು ನಾವೇ ಮುಚ್ಚುವುದು ಸರಿಯಲ್ಲ. ಇವನ್ನೆಲ್ಲ ಒಡೆದ ಕಲ್ಲುಮಣ್ಣು ಹೋಗಿ ಬೀಳುವುದು ಎಲ್ಲಿಗೆಂದು ನಿಮಗೂ ಗೊತ್ತು: ಖಾಲಿ ಸೈಟು, ರಾಜಕಾಲುವೆ, ಕೆರೆಯ ಅಂಚು.

ಇದಕ್ಕೆ ನಿಮ್ಮಲ್ಲಿ ಹಲವರ ಉತ್ತರ ನನಗೆ ಕೇಳಿಸುತ್ತಿದೆ: ಗಿರಾಕಿಗೆ ಬೇಕಾದದ್ದು ಹೊಸತನ, ಗೋಡೆಯೊಳಗಿನ ಪೈಪಿಗೆ ದುಡ್ಡು ಹಾಕಿ ಎಂದರೆ ಅವರು ಬೇರೆ ಡಿಸೈನರ್ ಹುಡುಕಿಕೊಂಡು ಹೋಗುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಸಾಲ ಮಾಡಿ ಮನೆ ಕೊಂಡವರಿಗೆ ಬೇರೆಯವರ ಬಚ್ಚಲು, ಬೇರೆಯವರ ಒಲೆಕಟ್ಟೆ ಹಾಗೇ ಇರುವುದು ಹಿತವೆನಿಸದು. ಅವರ ಆಸೆಯನ್ನು ತಿದ್ದುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ. ಆದರೆ ತಿಳಿದು ಆರಿಸಿಕೊಳ್ಳುವುದಕ್ಕೂ ತಿಳಿಯದೆ ಆರಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಜಿಐ ಪೈಪಿನ ತುಂಡೊಂದನ್ನು ಕತ್ತರಿಸಿ ಒಳಗಿನ ಸುಣ್ಣವನ್ನು ಕಣ್ಣೆದುರು ಹಿಡಿದರೆ, ಅದೇ ಹಣಕ್ಕೆ ಟಿವಿ ಹಿಂದಿನ ಪ್ಯಾನೆಲ್ಲೋ ಹೊಸ ಪೈಪೋ ಎಂದು ಕೇಳಿದರೆ, ಹೆಚ್ಚಿನವರು ಸರಿಯಾದುದನ್ನೇ ಆರಿಸುತ್ತಾರೆಂಬ ನಂಬಿಕೆ ನನಗಿದೆ. ಪ್ಯಾನೆಲ್ಲನ್ನು ಮುಂದಿನ ವರ್ಷವೂ ಹಾಕಿಸಬಹುದು, ಟೈಲ್ಸ್ ಹಾಕಿದ ಮೇಲೆ ಪೈಪು ಹಾಕಿಸಲಾಗದು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು: ನಾವು ಎಂಜಿನಿಯರುಗಳಲ್ಲ, ಕಟ್ಟಡದ ಹೊಣೆ ನಮ್ಮ ಮೇಲೇಕೆ? ಹೊಣೆ ಪೂರ್ತಿ ನಿಮ್ಮದಲ್ಲ, ಒಪ್ಪುತ್ತೇನೆ. ಸ್ಟ್ರಕ್ಚರಲ್ ಎಂಜಿನಿಯರನ್ನೋ ಲೈಸೆನ್ಸ್ ಪಡೆದ ಎಲೆಕ್ಟ್ರಿಕಲ್ ಕಂಟ್ರಾಕ್ಟರನ್ನೋ ಕರೆಸಬೇಕೆಂದು ಮನೆಯವರಿಗೆ ಹೇಳುವುದು, ಅವರ ವರದಿ ಬರುವ ತನಕ ಉಳಿ ಎತ್ತದಿರುವುದು ಮಾತ್ರ ನಿಮ್ಮ ಹೊಣೆ. ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಲು 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ನೋಂದಣಿ ಬೇಕು, ತಪ್ಪು ಮಾಡಿದವರನ್ನು ಕೇಳಲು ಒಂದು ಪರಿಷತ್ತು ಇದೆ. ಇಂಟೀರಿಯರ್ ಡಿಸೈನರ್ ಎಂಬ ಹೆಸರಿಗೆ ಅಂಥ ಕಾನೂನಿನ ಕಟ್ಟುಪಾಡಿಲ್ಲ. ಹೀಗಾಗಿ ಹಳೆ ಮನೆ ಕೊಂಡ ಸಂಸಾರಕ್ಕೆ ನಿಮ್ಮ ಪ್ರಾಮಾಣಿಕತೆಯೊಂದೇ ರಕ್ಷಣೆ. ಈ ಪತ್ರ ಸರ್ಕಾರಕ್ಕೆ ಬರೆಯದೆ ನಿಮಗೆ ಬರೆದದ್ದೂ ಅದಕ್ಕೇ.

ಪ್ರಾಮಾಣಿಕತೆಯ ಮಾತು ಬಂದರೆ ಸಂಭಾವನೆಯ ಮಾತು ಬಿಡುವಂತಿಲ್ಲ. ನಿಮ್ಮಲ್ಲಿ ಹಲವರ ಆದಾಯ ಚದರಡಿ ಲೆಕ್ಕದ ಮರಗೆಲಸದಿಂದ ಬರುತ್ತದೆ. ಪ್ಲೈವುಡ್, ಲ್ಯಾಮಿನೇಟ್, ಟೈಲ್ಸ್ ಅಂಗಡಿಗಳ ಕಮಿಷನ್ ತೆಗೆದುಕೊಳ್ಳುವ ರೂಢಿಯೂ ಈ ವೃತ್ತಿಯಲ್ಲಿ ಗುಟ್ಟೇನಲ್ಲ. ಈ ವ್ಯವಸ್ಥೆಯಲ್ಲಿ ಕಡಪ ಕಲ್ಲು ಉಳಿಸಿದ ಡಿಸೈನರಿಗೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ, ಒಡೆದವರಿಗೆ ಹುಟ್ಟುತ್ತದೆ. ಹಾಗಿರುವಾಗ ಒಳ್ಳೆಯ ಸಲಹೆ ಕೊಡುವವರೇ ನಷ್ಟಕ್ಕೆ ಬೀಳುತ್ತಾರೆ. ತಪಾಸಣೆಗೆ ಬೇರೆ ಶುಲ್ಕ, ವಿನ್ಯಾಸಕ್ಕೆ ಬೇರೆ ಶುಲ್ಕ ಎಂದು ಸ್ಪಷ್ಟವಾಗಿ ಕೇಳಿ, ಸಾಮಾನನ್ನು ಅಂಗಡಿಯ ಬಿಲ್ಲಿನ ಬೆಲೆಗೇ ಕೊಡಿಸಿ. ತಲೆಯೊಳಗಿನ ಕೆಲಸಕ್ಕೆ ದುಡ್ಡು ಕೊಡಲು ನಮ್ಮ ಜನ ಹಿಂದೇಟು ಹಾಕುತ್ತಾರೆಂಬ ನಿಮ್ಮ ದೂರು ನ್ಯಾಯವಾದದ್ದು, ಅದನ್ನು ಮನೆ ಕೊಳ್ಳುವವರೂ ಓದಲಿ ಎಂದೇ ಇಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತು ಲಕ್ಷದ ಕೆಲಸಕ್ಕೆ ಕೈ ಹಾಕುವವರು ತಪಾಸಣೆಯ ಕೆಲವು ಸಾವಿರಕ್ಕೆ ಚೌಕಾಶಿ ಮಾಡಬಾರದು.

ಉಳಿದದ್ದು ಸಮಯದ ಪ್ರಶ್ನೆ. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಸಾಲದ ಕಂತು ಕಟ್ಟುತ್ತಿರುವ ಸಂಸಾರಕ್ಕೆ ಒಂದೊಂದು ತಿಂಗಳೂ ಭಾರ. ಎಲ್ಲವನ್ನೂ ನೋಡಿ, ಕಾದು, ಆಮೇಲೆ ಮಾಡಿ ಎನ್ನುವುದು ಹೇಳುವವರಿಗೆ ಸುಲಭ. ತಪಾಸಣೆಗೆ ಬೇಕಾಗುವುದು ಒಂದು ವಾರ, ಎಂಜಿನಿಯರ್ ಬರಬೇಕಾದಲ್ಲಿ ಇನ್ನೂ ಒಂದು. ರಿಜಿಸ್ಟ್ರೇಷನ್ನಿಗೆ ಮೊದಲೇ, ಅಗ್ರಿಮೆಂಟ್ ಹಂತದಲ್ಲಿ ಮಾರುವವರ ಅನುಮತಿ ಪಡೆದು ಇದನ್ನು ಮುಗಿಸಿದರೆ ಬೆಲೆ ಮಾತಾಡಲೂ ಅದು ಕೊಳ್ಳುವವರ ನೆರವಿಗೆ ಬರುತ್ತದೆ. ಆಷಾಢಕ್ಕೆ ಮೊದಲು ಒಳಗೆ ಹೋಗಲೇಬೇಕೆಂದರೆ ನೀರು, ವಿದ್ಯುತ್ತು, ಬಚ್ಚಲು, ಅಡುಗೆಮನೆ ಮುಗಿಸಿ ಹಾಲು ಉಕ್ಕಿಸಲಿ. ಹೊರಗೋಡೆಗೂ ಬಚ್ಚಲಿನ ಗೋಡೆಗೂ ತಾಗುವ ವಾರ್ಡ್‌ರೋಬು, ಪ್ಯಾನೆಲ್ಲುಗಳನ್ನು ಒಂದು ಮಳೆಗಾಲ ಕಳೆದ ಮೇಲೆ ದೀಪಾವಳಿ ಹೊತ್ತಿಗೆ ಮಾಡಿ. ನಿಮಗೆ ಒಂದೇ ಮನೆಗೆ ಎರಡು ಸಲ ಕೆಲಸದವರನ್ನು ಕಳಿಸುವ ತಾಪತ್ರಯ ಉಂಟು, ಅದರ ಖರ್ಚನ್ನು ಕೊಟೇಶನ್ನಿನಲ್ಲೇ ತೋರಿಸಿ. ಆರು ತಿಂಗಳು ಕಬ್ಬಿಣದ ಬೀರುವಿನಲ್ಲಿ ಬಟ್ಟೆ ಇಟ್ಟುಕೊಂಡರೆ ಯಾರಿಗೂ ತೊಂದರೆಯಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ನೀವು ಇಂದು ಮಾಡುತ್ತಿರುವ ಮನೆ ಇನ್ನು ಹದಿನೈದು ಇಪ್ಪತ್ತು ವರ್ಷಕ್ಕೆ ಮತ್ತೆ ಮಾರಾಟಕ್ಕೆ ಬರಬಹುದು, ಆಗಲೂ ಗೋಡೆಯೊಳಗೆ ಏನಿದೆಯೆಂದು ಗೊತ್ತಿಲ್ಲದ ಯಾರೋ ಅದನ್ನು ಕೊಳ್ಳುತ್ತಾರೆ. ಗಾರೆ ಮುಚ್ಚುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಯ ಟೇಪು ಹಿಡಿಸಿ. ಯಾವ ಎಂಸಿಬಿ ಯಾವ ಕೋಣೆಗೆ, ಯಾವ ವಾಲ್ವ್ ಯಾವ ಬಚ್ಚಲಿಗೆ ಎಂದು ಕನ್ನಡದಲ್ಲಿ ಒಂದು ಹಾಳೆ ಬರೆಯಿರಿ. ಪ್ಲೈವುಡ್ ದರ್ಜೆಯ ಬಿಲ್ಲು, ಬಚ್ಚಲಿಗೆ ಹಾಕಿದ ವಾಟರ್‌ಪ್ರೂಫಿಂಗ್ ಯಾವುದೆಂಬ ವಿವರ, ತಪಾಸಣೆಯ ವರದಿ ಇವೆಲ್ಲ ಒಂದು ಫೈಲಿನಲ್ಲಿರಲಿ. ಕೀಲಿಕೈ ಒಪ್ಪಿಸುವ ದಿನ ಅದನ್ನೂ ಮನೆಯವರ ಕೈಗೆ ಕೊಡಿ, ಕೊನೆಯ ಕಂತು ಕೇಳುವುದು ಆಮೇಲೆ.

ಇಂತಿ ವಿಶ್ವಾಸದಿಂದ,
ಹಳೆ ಮನೆಗಳ ಪರವಾಗಿ ಮಾತಾಡುವ ಒಬ್ಬ ಬೆಂಗಳೂರಿಗ